ನೀಲಿ ಭಾಳ ಉಳದಿತ್ರಿ

ನನ್ನ ಫೋನಿನಲ್ಲಿ ಗೋಡೆಗಳ ಫೋಟೊ ಸಿಕ್ಕಾಪಟ್ಟೆ ಇವೆ. ಶಾಲಾ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ನನ್ನದು. ಇವತ್ತು ಗದಗ, ನಾಳೆ ಹಾನಗಲ್ಲ, ಆಮೇಲೆ ಶಿಗ್ಗಾವಿ ಅಂತ ಬಸ್ಸಿನ ಓಡಾಟ ಇದ್ದೇ ಇರುತ್ತದೆ. ಹೋದ ಊರಲ್ಲಿ ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವಾಗ ಯಾವುದೋ ಗೋಡೆಯ ಮೇಲೆ ಯಾರೋ ಬರೆದ ಚಿತ್ರ ಕಣ್ಣಿಗೆ ಬೀಳುತ್ತದೆ. ನಿಲ್ಲುತ್ತೇನೆ, ಫೋಟೊ ತೆಗೆಯುತ್ತೇನೆ. ಇದ್ದಿಲಿನಲ್ಲಿ ಗೀಚಿದ ಕುದುರೆ. ಸುಣ್ಣದಲ್ಲಿ ಬರೆದ ಒಂದೇ ಒಂದು ಕಣ್ಣು. ನೀರಿನ ಟಾಕಿಯ ಮೇಲೆ ಯಾರೋ ಏರಿ ಹೋಗಿ ಬರೆದ ಬಾಳೆಗಿಡ. ಕೆಳಗೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಒಂದು ರವಿವಾರ ಮಗಳು ಇವನ್ನೆಲ್ಲ ಬೆರಳಲ್ಲಿ ಸರಿಸುತ್ತ ಕೂತಿದ್ದಳು. "ಮಮ್ಮಿ, ಇದರಾಗ ಹುಬ್ಬಳ್ಳಿದು ಒಂದೂ ಇಲ್ಲಲ್ಲಾ?" ಅಂದಳು.

ಹುಡುಕಿ ನೋಡಿದೆ. ನಿಜಕ್ಕೂ ಒಂದೂ ಇರಲಿಲ್ಲ. ನಾನು ಹುಟ್ಟಿದ್ದು ಇಲ್ಲೇ, ಮದುವೆಯಾಗಿ ಹೋದದ್ದು ಎರಡು ಓಣಿ ಆಚೆಗೆ. ಗೋಡೆಗಳಿಗೆ ಈ ಊರಲ್ಲಿ ಬರವೇನೂ ಇಲ್ಲ, ಬಣ್ಣಕ್ಕೂ ಇಲ್ಲ. ಆದರೆ ಧಾರವಾಡಕ್ಕೆ ಹೋಗಲು ಚಿಗರಿ ಬಸ್ ಹತ್ತಿದರೆ ನಾನು ಕಿಟಕಿಯಾಚೆ ನೋಡುವುದೇ ಇಲ್ಲ. ನಮ್ಮ ರೈಲ್ವೆ ಸ್ಟೇಶನ್ನಿನಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆಯಾಯಿತು. ಅಷ್ಟುದ್ದ ನಡೆದರೂ ನನಗೆ ಕಾಣುವುದು ಬೋಗಿಯ ನಂಬರ್ ಮಾತ್ರ. ಅದೇ ಗದಗಿನಲ್ಲಿ ಇಳಿದೆನೋ, ಗಟಾರದ ಪಕ್ಕದ ಗೋಡೆಯನ್ನೂ ಬಿಡುವುದಿಲ್ಲ. ಪರವೂರಿನಲ್ಲಿ ಕಣ್ಣು ಚುರುಕಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ನನ್ನನ್ನು ಕಾಡಿದ್ದು ಇನ್ನೊಂದು. ಚುರುಕಾದ ಆ ಕಣ್ಣು ಹೆಸರಿಲ್ಲದ ಚಿತ್ರದ ಮೇಲೇ ಹೋಗಿ ಯಾಕೆ ಕೂರುತ್ತದೆ? ಪಕ್ಕದಲ್ಲೇ ಹೆಸರು ಹಾಕಿ ಬರೆದ ಚಂದದ ಚಿತ್ರವೂ ಇರುತ್ತದಲ್ಲ?

ಬೆಟಗೇರಿಯ ಅರ್ಧ ಮನೆ

ಗದಗಿನಲ್ಲಿ ಕೆಲಸ ಬೇಗ ಮುಗಿದ ಒಂದು ಮಧ್ಯಾಹ್ನ ಬೆಟಗೇರಿ ಕಡೆ ಹೋಗಿದ್ದೆ. ಎರಡು ಊರು, ಒಂದೇ ನಗರಸಭೆ. ಹುಬ್ಬಳ್ಳಿ-ಧಾರವಾಡದವರಿಗೆ ಈ ಥರದ ಸಂಸಾರ ಹೊಸದೇನಲ್ಲ. ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತ ಸೀರೆ ನೋಡುವ ನೆಪದಲ್ಲಿ ತಿರುಗುತ್ತಿದ್ದೆ. ಒಂದು ತಿರುವಿನಲ್ಲಿ ಅರ್ಧ ಮನೆ ಇತ್ತು. ರಸ್ತೆ ಅಗಲ ಮಾಡಲು ಮುಂದಿನ ಭಾಗ ಒಡೆದಿದ್ದರು. ಹೀಗೆ ಒಡೆದಾಗ ಒಂದು ವಿಚಿತ್ರ ಆಗುತ್ತದೆ, ನೀವೂ ನೋಡಿರುತ್ತೀರಿ. ಮನೆಯ ಒಳಗೋಡೆ ಸೀದಾ ಬೀದಿಗೆ ಬರುತ್ತದೆ. ಒಲೆಯ ಹೊಗೆಗೆ ಕಪ್ಪಾದ ಮೂಲೆ, ನೀಲಿ ಸುಣ್ಣ, ದೀಪ ಇಡುವ ಮಾಡ, ಮಕ್ಕಳ ಎತ್ತರ ಅಳೆದು ಎಳೆದ ಗೆರೆ, ಎಲ್ಲ ಹೋಗಿಬರುವವರ ಕಣ್ಣೆದುರು. ನೋಡಲು ಒಂಥರಾ ಮುಜುಗರ. ಈ ಗೋಡೆಯಲ್ಲಿ ನಾಲ್ಕೈದು ಮೊಳೆಗಳಿದ್ದವು. ಆ ಮೊಳೆಗಳಿಗೆ ಇನ್ನೂ ಸಾಮಾನು ತೂಗುಬಿಟ್ಟಿದ್ದರು. ಮನೆ ಒಡೆದ ಮೇಲೂ ಯಾಕೆ ತೆಗೆದಿಲ್ಲ ಅಂದುಕೊಳ್ಳುತ್ತ ಹತ್ತಿರ ಹೋದೆ. ಮೊಳೆ ಮಾತ್ರ ನಿಜವಾದದ್ದು. ಸಾಮಾನೆಲ್ಲ ಬಣ್ಣದ್ದು.

ಒಂದು ಮೊಳೆಗೆ ಕರಿ ಛತ್ರಿ. ಇನ್ನೊಂದಕ್ಕೆ ಅಂಗಿ, ಅದರ ಜೇಬಿನಿಂದ ಇಣುಕುವ ಬಸ್ ಟಿಕೆಟ್. ಮತ್ತೊಂದಕ್ಕೆ ಕನ್ನಡಿ, ಕನ್ನಡಿಯ ಕಟ್ಟಿಗೆ ಸಿಕ್ಕಿಸಿದ ಹಣಿಗೆ. ಮಾಡದೊಳಗೆ ಒಂದು ಪಣತಿ, ಉರಿಯುತ್ತಿಲ್ಲ. ಮೇಲೆ ತೊಲೆ ಇದ್ದ ಗುರುತಿನಿಂದ ಇಳಿಬಿಟ್ಟ ನೆಲುವು, ಅದರಲ್ಲಿ ಎರಡು ಗಡಿಗೆ. ಬರೆದವರ ಕೈ ಪಳಗಿದ್ದು. ನೆರಳು ಕೂಡ ಬಿಸಿಲಿನ ದಿಕ್ಕು ನೋಡಿಯೇ ಹಾಕಿದ್ದರು. ನಾನು ಹೋದ ಹೊತ್ತಿಗೆ ಬಿಸಿಲು ತಿರುಗಿತ್ತು. ಹಾಗಾಗಿ ಮೊಳೆಯ ನೆರಳು ಒಂದು ಕಡೆ, ಛತ್ರಿಯ ನೆರಳು ಇನ್ನೊಂದು ಕಡೆ ಇತ್ತು. ಮುಂಜಾನೆ ಯಾವುದೋ ಒಂದು ಹೊತ್ತಿನಲ್ಲಿ ಎರಡೂ ಕೂಡುತ್ತಿರಬೇಕು. ನಾನಿದನ್ನು ಲೆಕ್ಕ ಹಾಕುತ್ತ ನಿಂತಾಗ ಎದುರಿನ ಕಟ್ಟೆಯಿಂದ ಒಬ್ಬ ಅಜ್ಜಿ ಕೂಗಿದರು.

"ಏನ್ ನೋಡಾಕತ್ತೀಯವ್ವಾ?"

"ಚಿತ್ರ ನೋಡಾಕತ್ತೀನಿ ಅಜ್ಜೀ. ಯಾರ್ ಬರದಾರಿದು?"

"ಯಾರಿಗ್ಗೊತ್ತವ್ವಾ. ಮುಂಜಾನೆದ್ದು ನೋಡಿದ್ರ ಬರದಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪ್ ಬರದಾನ" ಅಂದರು.

"ಏನ್ ತಪ್ಪೈತಿ?"

"ಛತ್ರಿ ನಾವು ಅಲ್ಲಿ ಹಾಕ್ತಿದ್ದಿಲ್ಲ. ಬಾಗಲ ಹಿಂದ ಹಾಕ್ತಿದ್ವಿ."

ಆಗಲೇ ನನಗೆ ಗೊತ್ತಾಗಿದ್ದು, ಅದು ಅವರದೇ ಮನೆ. ಈಗ ಎದುರಿಗೆ ಮಗಳ ಮನೆಯಲ್ಲಿದ್ದಾರೆ. ಆಮೇಲೆ ಒಂದೊಂದಾಗಿ ತಪ್ಪುಗಳನ್ನು ಹೇಳಿದರು. ಅಷ್ಟು ದೊಡ್ಡ ಕನ್ನಡಿ ಅವರ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಆ ಮಾಡದಲ್ಲಿ ಪಣತಿ ಇಡುತ್ತಿರಲಿಲ್ಲ, ಔಷಧದ ಸೀಸೆ ಇಡುತ್ತಿದ್ದರು. ಅಂಗಿ ಯಾರದೋ ಏನೋ, ಮನೆಯ ಗಂಡಸರು ಹಾಕುತ್ತಿದ್ದದ್ದು ನೆಹರೂ ಶರ್ಟ್. ನೆಲುವಿನ ವಿಷಯಕ್ಕೆ ಬಂದಾಗ ಮಾತ್ರ ಸೋತರು. "ನೆಲುವು ಬರೊಬ್ಬರಿ ಬರದಾನ" ಅಂದರು. ಬರೆದದ್ದು ಗಂಡಸು ಅಂತ ಅವರಿಗೆ ಹೇಗೆ ಗೊತ್ತಾಯಿತೋ! ನಾನು ಕೇಳಲಿಲ್ಲ. ಚಹಾ ಕುಡಿದು ಹೋಗು ಅಂದರು, ಕುಡಿದು ಬಂದೆ.

ಬೋರ್ಡ್ ಇಲ್ಲದ ಸುಖ

ಮೊದಲಿಗೆ ನನಗೆ ಹೊಳೆದ ಕಾರಣ ಸರಳ. ಹೆಸರಿಲ್ಲದ ಚಿತ್ರ ನನ್ನಿಂದ ಏನನ್ನೂ ಕೇಳುವುದಿಲ್ಲ. ಪ್ರದರ್ಶನಕ್ಕೆ ಹೋದರೆ ನಾನು ಚಿತ್ರಕ್ಕಿಂತ ಮೊದಲು ಪಕ್ಕದ ಚೀಟಿ ಓದುವವಳು. ದೊಡ್ಡ ಹೆಸರಿದ್ದರೆ ಇನ್ನೊಂದು ನಿಮಿಷ ಜಾಸ್ತಿ ನಿಲ್ಲುತ್ತೇನೆ. ಅರ್ಥವಾಗದಿದ್ದರೂ ತಲೆಯಾಡಿಸುತ್ತೇನೆ. ಗೋಡೆಯ ಮುಂದೆ ಆ ಕಾಟ ಇಲ್ಲ. ಇಷ್ಟವಾದರೆ ನಿಲ್ಲಬಹುದು, ಇಲ್ಲವಾದರೆ ಹೋಗಬಹುದು. ಹೊಗಳಿದರೂ ಯಾರಿಗೂ ಮುಟ್ಟುವುದಿಲ್ಲ, ಬೈದರೂ ಮುಟ್ಟುವುದಿಲ್ಲ. ಆ ಅಜ್ಜಿಯ ಹಾಗೆ ನಿರಾಳವಾಗಿ ತಪ್ಪು ಹುಡುಕಬಹುದು.

ಇದರ ಎದುರಿಗೆ ಈಗ ಊರೂರಲ್ಲೂ ಕಾಣುವ ಸರ್ಕಾರಿ ಗೋಡೆಚಿತ್ರಗಳನ್ನು ಇಟ್ಟು ನೋಡಿ. ಹುಬ್ಬಳ್ಳಿ-ಧಾರವಾಡ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಸ್ವಚ್ಛ ಸರ್ವೇಕ್ಷಣೆಯ ಅಂಕ ಬೇರೆ. ಕಾಂಪೌಂಡ್ ಗೋಡೆಗಳಿಗೆ ಬಣ್ಣ ಬಂತು. ಕಿತ್ತೂರು ಚೆನ್ನಮ್ಮ ಬಂದಳು, ಯಕ್ಷಗಾನದ ಕಿರೀಟ ಬಂತು, ಹಸಿ ಕಸ ಒಣ ಕಸ ಬಂತು. ಬರೆದ ಹುಡುಗ ಹುಡುಗಿಯರ ಕೈ ಚೆನ್ನಾಗಿಯೇ ಇದೆ, ಅವರನ್ನು ದೂರುವುದಿಲ್ಲ. ಆದರೆ ಆ ಚಿತ್ರಗಳಿಗೆ ನಮಗೆ ಏನನ್ನಿಸಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಚೆನ್ನಮ್ಮನನ್ನು ಕಂಡು ಅಭಿಮಾನ ಪಡಬೇಕು, ಕಸದ ಬುಟ್ಟಿಯನ್ನು ಕಂಡು ನಾಚಬೇಕು. ಹಾಜರಿ ಹಾಕಿ ಮುಂದೆ ಹೋಗುತ್ತೇವೆ. ಯಕ್ಷಗಾನದ ಕಿರೀಟ ನಮ್ಮ ಗೋಡೆಗೆ ಯಾಕೆ ಬಂತು ಅನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಕಡೆ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಇರಲಿಲ್ಲವೇ? ಇರಲಿ ಬಿಡಿ.

ಬೀದಿಯ ಹೆಸರಿಲ್ಲದ ಕಲೆ ಅಂದ ಕೂಡಲೇ ಯಾರಾದರೂ ರಂಗೋಲಿಯ ಮಾತು ತೆಗೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಓಣಿಯಲ್ಲಿ ಯಾವ ರಂಗೋಲಿ ಯಾರ ಕೈಯದು ಅಂತ ನಾನು ಕಣ್ಣಲ್ಲೇ ಹೇಳಬಲ್ಲೆ. ಯಾರ ಮನೆಯಲ್ಲಿ ಮಗಳು ತವರಿಗೆ ಬಂದಿದ್ದಾಳೆ, ಯಾರ ಮನೆಯ ಸೊಸೆ ಮುನಿಸಿಕೊಂಡಿದ್ದಾಳೆ ಅನ್ನುವುದೂ ಗೆರೆಯಲ್ಲೇ ಗೊತ್ತಾಗುತ್ತದೆ. ಸಹಿ ಇಲ್ಲದಿದ್ದರೂ ಅದು ಪೂರ್ತಿ ವಿಳಾಸ ಇರುವ ಕಲೆ.

ಹೆಸರು ಹಾಕದವರೆಲ್ಲ ವಿನಯವಂತರೇ?

ಇನ್ನೊಂದು ಮಾತು ಪದೇ ಪದೇ ಕೇಳಿ ಬರುತ್ತದೆ. ನಮ್ಮ ಹಳೆಯ ಶಿಲ್ಪಿಗಳು ಹೆಸರಿಗೆ ಆಸೆ ಪಡಲಿಲ್ಲ, ಎಲ್ಲ ದೇವರಿಗೆ ಅರ್ಪಿಸಿ ಮರೆಯಾದರು, ಈಗಿನವರೇ ಸಹಿ ಹಾಕಿಕೊಂಡು ಮೆರೆಯುತ್ತಾರೆ ಅಂತ. ಕೇಳಲು ಹಿತ. ಆದರೆ ಬೇಲೂರಿಗೆ ಹೋಗಿ ನೋಡಿ. 1117ರ ಆ ಗುಡಿಯಲ್ಲಿ ನಮ್ಮ ಹಾವೇರಿಯ ನೆರೆಯ ಬಳ್ಳಿಗಾವಿಯಿಂದ ಹೋದ ದಾಸೋಜ ಮತ್ತು ಅವನ ಮಗ ಚಾವಣ ಕೆತ್ತಿದ ಮದನಿಕೆಗಳ ಕೆಳಗೆ ಅವರ ಹೆಸರಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಇದಕ್ಕಿಂತ ಸುಮಾರು ನಾಲ್ಕು ನೂರು ವರ್ಷ ಹಳೆಯದು. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ, ಅವನಿಗೆ ಸಿಕ್ಕ ಬಿರುದೂ ಇದೆ. ನಂತರದ ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮನ ಸಹಿ ಎಷ್ಟೋ ಕಡೆ ಇದೆ. ಅವಕಾಶ ಸಿಕ್ಕಲ್ಲಿ ಜನ ಹೆಸರು ಹಾಕಿದ್ದಾರೆ, ಖುಷಿಯಿಂದ ಹಾಕಿದ್ದಾರೆ. ಹಾಗಾದರೆ ಹೆಸರಿಲ್ಲದ ಕಡೆ ಎಲ್ಲ ವಿನಯವೇ ಇತ್ತು ಅಂತ ಹೇಗೆ ಹೇಳುವುದು? ಕೇಳುವವರು ಇರಲಿಲ್ಲ ಅಂತಲೂ ಇರಬಹುದಲ್ವಾ?

ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ್ದು ಅತ್ತಿಮಬ್ಬೆ ಅಂತ ನಮ್ಮ ಶಾಲೆಯ ಮಕ್ಕಳೂ ಹೇಳುತ್ತಾರೆ. ಕಟ್ಟಿಸಿದವರ ಹೆಸರು ಬಾಯಲ್ಲಿದೆ. ಕಟ್ಟಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಅಲ್ಲಿಯ ಗುಡಿಗಳ ಕಂಬದ ಹತ್ತಿರ ಕೂತಾಗ ನನಗೆ ಒಂದು ತಮಾಷೆ ಕಂಡಿತು. ಅಲ್ಲೇ ಪ್ರೇಮಿಗಳು ಕಲ್ಲಿನ ಮೇಲೆ ಹೆಸರು ಗೀಚಿ ಹೋಗಿರುತ್ತಾರೆ, ಇಂಗ್ಲಿಷಿನಲ್ಲಿ, ನಡುವೆ ಒಂದು ಹೃದಯ. ಕೆತ್ತಲು ಬಂದವನ ಹೆಸರಿಲ್ಲ, ಕೆತ್ತಲು ಬಾರದವನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿದೆ. ನೆಲದ ಚಪ್ಪಡಿಯ ಮೇಲೆ ಯಾರೋ ಕೊರೆದ ಚೌಕಾಬಾರದ ಮನೆ ಕಂಡರೆ ಮಾತ್ರ ನನಗೆ ಸಿಟ್ಟು ಬರುವುದಿಲ್ಲ. ಮಳೆಗೆ ಸಿಕ್ಕವರೋ, ಮಧ್ಯಾಹ್ನ ಹೊತ್ತು ಹೋಗದವರೋ, ಕೂತು ಕೊರೆದು ಆಡಿ ಎದ್ದು ಹೋಗಿದ್ದಾರೆ.

ನಮ್ಮ ಕಡೆಯ ನಿಜವಾದ ಬೀದಿಕಲೆ ಅಂದರೆ ನನ್ನ ಪ್ರಕಾರ ವೀರಗಲ್ಲು. ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋದವರು ಅದು ಪಶ್ಚಿಮಕ್ಕೆ ಮುಖ ಮಾಡಿರುವುದನ್ನು ನೋಡಿ ಆಶ್ಚರ್ಯಪಟ್ಟು ಬರುತ್ತಾರೆ. ನಾನು ಆವರಣದ ವೀರಗಲ್ಲುಗಳ ಹತ್ತಿರ ಜಾಸ್ತಿ ಹೊತ್ತು ಕಳೆದೆ. ಈ ಕಲ್ಲುಗಳ ವಿನ್ಯಾಸ ಎಲ್ಲರೂ ಬಲ್ಲದ್ದೇ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅದೇ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಯಾವುದೇ ಹಳ್ಳಿಗೆ ಹೋಗಿ, ಗುಡಿಯ ಪಕ್ಕಕ್ಕೋ ಕೆರೆ ಏರಿಗೋ ಹೀಗೊಂದು ಕಲ್ಲು ಒರಗಿ ನಿಂತಿರುತ್ತದೆ. ಬರಹವಿದ್ದ ಕಲ್ಲಾದರೆ ಸತ್ತವನ ಹೆಸರು, ಆಗ ಆಳುತ್ತಿದ್ದ ಅರಸನ ಹೆಸರು ಇರುತ್ತದೆ. ಉಳಿ ಹಿಡಿದವನ ಹೆಸರು ಎಷ್ಟೋ ಕಲ್ಲುಗಳಲ್ಲಿ ಇರುವುದಿಲ್ಲ. ಆದರೆ ನೋಡಿ, ಮೇಲಿನ ಎರಡು ಪಟ್ಟಿಗಳನ್ನು ಎಲ್ಲರೂ ಹೆಚ್ಚು ಕಡಿಮೆ ಒಂದೇ ಥರ ಕೆತ್ತುತ್ತಾರೆ. ಸ್ವರ್ಗದಲ್ಲಿ ಹೊಸದೇನೂ ಮಾಡಲು ಇಲ್ಲ. ಕೈಚಳಕ ಕಾಣುವುದೆಲ್ಲ ಕೆಳಗಿನ ಪಟ್ಟಿಯಲ್ಲಿ. ಒಬ್ಬ ಕುದುರೆಯ ಕಾಲನ್ನು ಚೌಕಟ್ಟಿನ ಆಚೆಗೆ ಚಾಚುತ್ತಾನೆ. ಇನ್ನೊಬ್ಬ ಬಿದ್ದವನ ಮುಖಕ್ಕೆ ಗೆದ್ದವನಿಗಿಂತ ಹೆಚ್ಚು ಹೊತ್ತು ಕೊಡುತ್ತಾನೆ. ಅಪ್ಪಣೆಯ ಪ್ರಕಾರ ಮಾಡುವ ಕೆಲಸದೊಳಗೆ ತನ್ನದೊಂದು ಸಂದಿ ಹುಡುಕಿಕೊಂಡ ಆ ಕೈಯ ಬಗ್ಗೆ ನನಗೆ ಪ್ರೀತಿ.

ಪೇಂಟರ್ ಹೇಳಿದ ಲೆಕ್ಕ

ಶಿಗ್ಗಾವಿ ಕಡೆಯ ಒಂದು ಶಾಲೆಯಲ್ಲಿ ತರಬೇತಿ ಇದ್ದಾಗ ಗೋಡೆಗೆ ಚಿತ್ರ ಬರೆಯುತ್ತಿದ್ದ ಒಬ್ಬ ಹಿರಿಯ ಪೇಂಟರ್ ಸಿಕ್ಕರು. ವಿಚಾರಿಸಿದರೆ ನಮ್ಮ ಹಳೇ ಹುಬ್ಬಳ್ಳಿಯವರೇ. ಶಾಲೆಯ ಗೋಡೆಯನ್ನು ರೈಲು ಡಬ್ಬಿಯ ಹಾಗೆ ಮಾಡುತ್ತಿದ್ದರು. ಕಿಟಕಿಯೇ ಕಿಟಕಿ, ಬಾಗಿಲೇ ಬಾಗಿಲು, ಅದರ ನಡುವೆ ಮಗ್ಗಿ. ದಾರಕ್ಕೆ ಬಣ್ಣದ ಪುಡಿ ಹಚ್ಚಿ ಎರಡು ತುದಿ ಹಿಡಿಸಿ, ಮಿಡಿದು ಗೆರೆ ಹೊಡೆಯುವುದನ್ನು ನೋಡಲು ಮಕ್ಕಳೆಲ್ಲ ಹೊರಗೆ ಬಂದಿದ್ದರು. ಊಟದ ಹೊತ್ತಿಗೆ ಗಿಡದ ಕೆಳಗೆ ಕೂತು ಅವರು ತಮ್ಮ ಕಸುಬಿನ ಕಥೆ ಹೇಳಿದರು. ಸಿನಿಮಾ ಬೋರ್ಡು ಬರೆದಿದ್ದರು, ನಾಟಕ ಕಂಪನಿಯ ಪರದೆಗೆ ಕಾಡು, ಅರಮನೆ ಬರೆದಿದ್ದರು, ಲಾರಿ ಬರೆದಿದ್ದರು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಹೋಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಹೋದ ಕೆಲಸ ವಾಪಸ್ ಬರುತ್ತದೆ ಅಂತ ಇವರು ಹೊಸ ಬ್ರಷ್ ತಂದಿಟ್ಟುಕೊಂಡಿದ್ದರಂತೆ. "ಬರಲಿಲ್ರಿ. ಬ್ರಷ್ ಮಾತ್ರ ಹಂಗ ಅದಾವು." ಆಮೇಲೆ ಗಾಡಿಗಳಿಗೆಲ್ಲ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯ ಆಯಿತು. "ಇದ್ದೊಂದು ನಂಬರ್ ಪ್ಲೇಟಿನ ಧಂದೇನೂ ಹೋತ್ರಿ."

ರೈಲಿನ ಕೊನೆಯ ಡಬ್ಬಿಯ ಕೆಳಗೆ ಅವರ ಹೆಸರು, ಮುಂದೆ 'ಆರ್ಟ್ಸ್', ಅದರ ಮುಂದೆ ಫೋನ್ ನಂಬರ್ ಇತ್ತು. ಹೆಸರು ಹಾಕುವುದು ನಿಮಗೆ ಮುಖ್ಯವೇ ಅಂತ ಕೇಳಿದೆ.

"ಹೆಸರಿನ್ಯಾಕ್ರೀ ಅಕ್ಕಾರ, ನಂಬರ್ ಮುಖ್ಯ. ಹೆಸರ್ ಓದಿ ಯಾರೂ ಕೆಲಸಾ ಕೊಡೂದಿಲ್ಲ. ನಂಬರ್ ಇದ್ರ ಫೋನ್ ಹಚ್ತಾರ."

"ಮತ್ತ ನಂಬರ್ ಹಾಕದ ಎಲ್ಲೂ ಬರದೇ ಇಲ್ಲೇನ್ರೀ?"

ಅವರು ಸುತ್ತ ನೋಡಿ ನಕ್ಕರು. ಅಮರಗೋಳದ ಕಡೆ ಒಂದು ಗೋದಾಮಿನ ಮುಂದಿನ ಗೋಡೆಗೆ ಯಾವುದೋ ಕಂಪನಿಯ ಜಾಹೀರಾತು ಬರೆಯುವ ಕೆಲಸ ಹಿಡಿದಿದ್ದರಂತೆ. ಕೆಲಸ ಮುಗಿದ ಸಂಜೆ ಹಿಂದಿನ ಗೋಡೆಗೆ ಹೋಗಿ ಒಂದು ಮೀನು ಬರೆದರಂತೆ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಒಂದೇ ಮೀನು. ಹಿಂದೆ ಹೊಲ, ಜಾಲಿಗಿಡ. ನೋಡುವವರು ಯಾರೂ ಇಲ್ಲ.

ನನ್ನ ತಲೆ ಆಗಲೇ ಓಡುತ್ತಿತ್ತು. ಮೀನು! ನೀರಿಲ್ಲದ 'ಬಯಲುಸೀಮೆಯಲ್ಲಿ ಮೀನು!' ಬರಗಾಲ, ಮಹದಾಯಿ, ಏನೇನೋ ಅರ್ಥ ಕೂಡಿಸಿಕೊಂಡು, "ಮೀನ ಯಾಕ ಬರದ್ರಿ?" ಅಂದೆ.

"ನೀಲಿ ಭಾಳ ಉಳದಿತ್ರಿ."

ಅಷ್ಟೇ. ಆಯಿಲ್ ಪೇಂಟಿನ ಡಬ್ಬಿ ಒಮ್ಮೆ ತೆಗೆದರೆ ಮೇಲೆ ಕೆನೆ ಕಟ್ಟುತ್ತದೆ. ಬಹಳ ದಿನ ಇಟ್ಟರೆ ಹಾಳು. ಕಂಪನಿಯವರು ಎಣಿಸಿ ಕೊಟ್ಟದ್ದು, ವಾಪಸ್ ತೆಗೆದುಕೊಳ್ಳುವುದಿಲ್ಲ. ಚೆಲ್ಲಲು ಮನಸ್ಸಾಗಲಿಲ್ಲ. ಮೀನಾದರೆ ದೊಡ್ಡ ಮೈ, ಬಣ್ಣ ಖಾಲಿಯಾಗುತ್ತದೆ. ಹೆಸರು ಯಾಕೆ ಹಾಕಲಿಲ್ಲ ಅಂತ ಕೇಳಿದ್ದಕ್ಕೆ ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಅದಕ್ಕ ಯಾರ್ ರೊಕ್ಕಾ ಕೊಟ್ಟಿದ್ರು?" ಅಂದರು. ರೊಕ್ಕ ಕೊಟ್ಟ ಕೆಲಸಕ್ಕೆ ಹೆಸರು. ಅದು ಒಂಥರಾ ರಸೀದಿ. ತಮ್ಮ ಖುಷಿಗೆ ಬರೆದದ್ದಕ್ಕೆ ರಸೀದಿ ಯಾರಿಗೆ ಬರೆಯುವುದು?

ನಾನು ಇದುವರೆಗೆ ಸಹಿ ಅಂದರೆ ಕಲಾವಿದ 'ಇದು ನನ್ನದು' ಅಂತ ಹೇಳುವ ಗುರುತು ಅಂದುಕೊಂಡಿದ್ದೆ. ಇವರ ಲೆಕ್ಕದಲ್ಲಿ ಅದು ಪೂರ್ತಿ ಉಲ್ಟಾ. ಸಹಿ ಇರುವುದೆಲ್ಲ ಬೇರೆಯವರದು, ಸಹಿ ಇಲ್ಲದ್ದೇ ಅವರದು. ಅನುಮತಿ ತಗೊಂಡಿದ್ರಾ ಅಂತಲೂ ಕೇಳಿದೆ. ಗೋಡೆ ಅಂದಗೆಡಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರಿಂದ ಕಾಯ್ದೆ ಇದೆ. ಸಾರ್ವಜನಿಕರ ಕಣ್ಣಿಗೆ ಬೀಳುವಲ್ಲಿ ಜಾಹೀರಾತು ಬರೆಯಲು ಸ್ಥಳೀಯ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು. ಏನನ್ನೂ ಮಾರದ ಮೀನು ಜಾಹೀರಾತೋ ಅಲ್ಲವೋ ಅನ್ನುವುದನ್ನು ವಕೀಲರೇ ಹೇಳಬೇಕು. ಪೇಂಟರ್ ಮಾತ್ರ, "ಹಿಂದಿನ್ ಗ್ವಾಡಿ ಯಾರ್ ನೋಡ್ತಾರ ಬಿಡ್ರಿ" ಅಂದರು.

ಹೆಸರಿಲ್ಲದ್ದಕ್ಕೇ ಬೆಲೆ ಬಂದಾಗ

ಬ್ಯಾಂಕ್ಸಿಯ ಬಗ್ಗೆ ಬರೆಯದೆ ಈ ವಿಷಯ ಮುಗಿಸಿದರೆ ಓದುವವರು ಬಿಡುವುದಿಲ್ಲ. ಬ್ರಿಸ್ಟಲ್‌ನ ಗೋಡೆಗಳಿಂದ ಹೊರಟ ಈ ಅನಾಮಿಕನ ಚಿತ್ರವೊಂದು 2018ರಲ್ಲಿ ಲಂಡನ್ನಿನ ಹರಾಜಿನಲ್ಲಿ 10 ಲಕ್ಷ ಪೌಂಡ್ ದಾಟಿತು. ಸುತ್ತಿಗೆ ಬಿದ್ದ ಕೂಡಲೇ ಚೌಕಟ್ಟಿನೊಳಗೆ ಅಡಗಿಸಿಟ್ಟ ಯಂತ್ರ ಚಿತ್ರವನ್ನು ಅರ್ಧ ಹರಿದು ಹಾಕಿತು. ಮೂರು ವರ್ಷದ ನಂತರ ಆ ಹರಿದ ಚಿತ್ರವೇ 1.86 ಕೋಟಿ ಪೌಂಡಿಗೆ ಹೋಯಿತು. ಇಲ್ಲಿ ಹೆಸರು ಮುಚ್ಚಿಡುವುದೇ ಹೆಸರಾಗಿದೆ. ಬುದ್ಧಿವಂತಿಕೆ ಮೆಚ್ಚುತ್ತೇನೆ, ಆದರೆ ನನಗೆ ಬೆಟಗೇರಿಯಲ್ಲಿ ಆದದ್ದು ಅಲ್ಲಿ ಆಗುವುದಿಲ್ಲ. ಕೊಚ್ಚಿಯಲ್ಲಿ 2014-15ರ ಬಿನಾಲೆ ಕಲಾ ಪ್ರದರ್ಶನದ ಹೊತ್ತಿಗೆ 'ಗೆಸ್ ಹೂ' ಅನ್ನುವ ಗುಪ್ತನಾಮದಲ್ಲಿ ಗೋಡೆಚಿತ್ರಗಳು ಎದ್ದವು. ಅವು ಒಳ್ಳೆಯ ತುಂಟತನದವು. ಆದರೂ ಯಾರಿರಬಹುದು ಅಂತ ಊಹಿಸಲು ಆ ಹೆಸರೇ ಕರೆಯುತ್ತದೆ.

ನನಗೆ ಹೆಚ್ಚು ಹತ್ತಿರ ಅನ್ನಿಸಿದ್ದು ಸಿಡ್ನಿಯ ಆರ್ಥರ್ ಸ್ಟೇಸ್. ಓದು ಬರಹ ಅಷ್ಟಕ್ಕಷ್ಟೇ ಇದ್ದ, ಕುಡಿತ ಬಿಟ್ಟು ದೈವಭಕ್ತನಾದ ಮನುಷ್ಯ. 1932ರಿಂದ ಸುಮಾರು 35 ವರ್ಷ ನಸುಕಿನಲ್ಲಿ ಎದ್ದು ಊರಿನ ಫುಟ್‌ಪಾತ್‌ಗಳ ಮೇಲೆ ಸೀಮೆಸುಣ್ಣದಲ್ಲಿ 'ಎಟರ್ನಿಟಿ', ಅಂದರೆ ಅನಂತಕಾಲ, ಅಂತ ಒಂದೇ ಪದ ಬರೆಯುತ್ತಿದ್ದ. ಬರೆಯುವವರು ಯಾರು ಅಂತ ಊರಿಗೆ ಗೊತ್ತಾಗಿದ್ದು 1956ರಲ್ಲಿ. ಗೊತ್ತಾದ ಮೇಲೂ ಅವನು ಬರೆಯುವುದನ್ನು ನಿಲ್ಲಿಸಲಿಲ್ಲ, ಸಹಿ ಹಾಕಲು ಶುರು ಮಾಡಲೂ ಇಲ್ಲ. 2000ನೇ ಇಸವಿಯನ್ನು ಬರಮಾಡಿಕೊಂಡ ರಾತ್ರಿ ಅವನ ಕೈಬರಹದಲ್ಲೇ ಆ ಪದವನ್ನು ಸಿಡ್ನಿಯ ದೊಡ್ಡ ಸೇತುವೆಯ ಮೇಲೆ ದೀಪದಲ್ಲಿ ಬೆಳಗಿಸಿದರು. ಅವನು ತೀರಿಹೋಗಿ ಆಗಲೇ ಮೂವತ್ತು ವರ್ಷ ದಾಟಿತ್ತು.

ನಾನೂ ಅಲ್ಲಿ ಯಾರೂ ಅಲ್ಲ

ಇಷ್ಟೆಲ್ಲ ಯೋಚಿಸಿದ ಮೇಲೂ ಮಗಳ ಪ್ರಶ್ನೆ ಹಾಗೇ ಇತ್ತು. ಹುಬ್ಬಳ್ಳಿಯದು ಯಾಕಿಲ್ಲ? ಪೇಂಟರ್ ಹೇಳಿದ ಮೀನು ಇರುವುದು ನಮ್ಮ ಊರಲ್ಲೇ. ನಾನು ಅದನ್ನು ನೋಡೇ ಇಲ್ಲ.

ಒಂದು ದಿನ ಪರೀಕ್ಷೆ ಮಾಡೋಣ ಅಂತ ನಮ್ಮ ಓಣಿಯ ತುದಿಯಲ್ಲಿ ಒಂದು ಗೋಡೆಯ ಮುಂದೆ ನಿಂತೆ. ಅದರ ಮೇಲೆ ಯಾರೋ ಹುಡುಗರು ಕರಿ ಬಣ್ಣದಲ್ಲಿ ಒಂದು ಹೋರಿಯನ್ನು ಬರೆದಿದ್ದರು, ಕೋಡು ಬಹಳ ಚೆನ್ನಾಗಿತ್ತು. ನಿಂತು ಅರ್ಧ ನಿಮಿಷ ಆಗಿರಲಿಲ್ಲ. ಅಂಗಡಿಯ ಕಾಕಾ, "ಏನವಾ, ಯಾರಿಗ್ ಕಾಯಾಕತ್ತೀ?" ಅಂದರು. ಸ್ಕೂಟಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು ನಿಲ್ಲಿಸಿ, "ಬರ್ರಿ, ಮನೀತನ ಬಿಡ್ತೀನಿ" ಅಂದರು. ಸಂಜೆ ಅತ್ತೆಯವರಿಗೆ ಸುದ್ದಿ ಮುಟ್ಟಿತ್ತು. ತಪ್ಪೇನಿಲ್ಲ, ಎಲ್ಲ ಪ್ರೀತಿಯಿಂದಲೇ ಕೇಳಿದ್ದು. ಆದರೆ ತನ್ನ ಊರಿನಲ್ಲಿ ಒಬ್ಬ ಹೆಂಗಸು ಕಾರಣವಿಲ್ಲದೆ ಗೋಡೆ ನೋಡುತ್ತ ನಿಲ್ಲುವುದು ಆಗದ ಮಾತು. ನಿಂತರೆ ಅದು ಸುದ್ದಿ. ಗೋಡೆಯೂ ಅಷ್ಟೇ, ಅದಕ್ಕೂ ಬಿಡುವಿಲ್ಲ. ಅದು ಯಾರ ಗೋಡೆ, ಅಣ್ಣ ತಮ್ಮಂದಿರ ಪಾಲಿನ ಜಗಳದಲ್ಲಿ ಅದಕ್ಕೆ ಎಷ್ಟು ವರ್ಷ ಗಿಲಾವು ಆಗಲಿಲ್ಲ, ಹೋದ ಚುನಾವಣೆಯಲ್ಲಿ ಅದರ ಮೇಲೆ ಯಾವ ಗುರುತು ಇತ್ತು, ಎಲ್ಲ ನನಗೆ ಗೊತ್ತು. ಇಷ್ಟರ ನಡುವೆ ಪಾಪ ಹೋರಿ ಎಲ್ಲಿ ಕಾಣಬೇಕು?

ಗದಗಿನಲ್ಲಿ ನಾನು ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ. ಬ್ಯಾಗ್ ಹಾಕಿಕೊಂಡ ಯಾರೋ ಒಬ್ಬಳು. ಬರೆದವರಿಗೆ ಹೆಸರಿಲ್ಲ ಅನ್ನುವುದನ್ನೇ ನಾನು ದೊಡ್ಡದು ಮಾಡುತ್ತಿದ್ದೆ. ಆ ಹೊತ್ತಿಗೆ ನನಗೂ ಇಲ್ಲ. ಪರವೂರಿನ ಗೋಡೆಯ ಮುಂದೆ ನನ್ನನ್ನು ಹಿಡಿದು ನಿಲ್ಲಿಸುವುದರಲ್ಲಿ ಅರ್ಧಕ್ಕರ್ಧ ಪಾಲು ಇದರದೇ ಅಂತ ಈಗ ಅನ್ನಿಸುತ್ತದೆ. ಯಾರೋ ಬರೆದರು, ಯಾರೋ ನೋಡಿದರು. ನಡುವೆ ಪರಿಚಯದ ಭಾರವಿಲ್ಲ. ನನ್ನ ವಯಸ್ಸಿನ ಗಂಡಸರಿಗೆ ಇದು ಇಷ್ಟು ದೊಡ್ಡದು ಅನ್ನಿಸಲಿಕ್ಕಿಲ್ಲ. ಅವರು ಯಾವ ಊರಲ್ಲಾದರೂ, ಯಾವ ಗೋಡೆಗಾದರೂ ಒರಗಿ ಚಹಾ ಕುಡಿಯುತ್ತ ನಿಲ್ಲಬಲ್ಲರು.

ಇದರಲ್ಲಿ ಒಂದು ಇರುಸುಮುರುಸೂ ಇದೆ. ಬೆಟಗೇರಿಯ ಗೋಡೆ ನನಗೆ ಚಂದ ಕಂಡಿತು, ಯಾಕೆಂದರೆ ಅದು ನನ್ನ ಮನೆಯಲ್ಲ. ಛತ್ರಿ ಎಲ್ಲಿರಬೇಕಿತ್ತು ಅಂತ ನನಗೆ ಗೊತ್ತಿರಲಿಲ್ಲ, ಅದಕ್ಕೆ ಬಣ್ಣದ ಛತ್ರಿ ನನಗೆ ಸಾಕಾಯಿತು. ಅಜ್ಜಿಗೆ ಸಾಕಾಗಲಿಲ್ಲ. ಬರೆದವರೂ ನನ್ನ ಹಾಗೆ ದಾರಿಹೋಕರೇ ಇರಬೇಕು. ಆ ಮನೆಯೊಳಗೆ ಕಾಲಿಟ್ಟಿದ್ದರೆ ಮಾಡದಲ್ಲಿ ಔಷಧದ ಸೀಸೆ ಇರುತ್ತಿತ್ತು. ಹಾಗಂತ ಬರೆಯಬಾರದಿತ್ತು ಅಂತ ನಾನು ಹೇಳುವುದಿಲ್ಲ. ಅಷ್ಟು ಹೊತ್ತು ಅಜ್ಜಿ ತಮ್ಮ ಮನೆಯ ಸಾಮಾನು ಒಂದೊಂದನ್ನೇ ಅದರದರ ಜಾಗಕ್ಕೆ ಮಾತಿನಲ್ಲೇ ಮರಳಿ ಇಟ್ಟರು. ತಪ್ಪು ಬರೆದದ್ದಕ್ಕೇ ಅದು ಸಾಧ್ಯವಾಯಿತು.

ಈ ದೀಪಾವಳಿಗೆ ನಮ್ಮ ಮನೆಯ ಕಾಂಪೌಂಡಿಗೆ ಬಣ್ಣ ಹಚ್ಚಿಸಬೇಕಿತ್ತು. ಆ ಪೇಂಟರ್‌ಗೆ ಫೋನ್ ಮಾಡಿದೆ. ಬಂದರು, ಅಳತೆ ತೆಗೆದರು, ಚದರ ಅಡಿಗೆ ಇಷ್ಟು ಅಂದರು. ಹಿತ್ತಲಿನ ಕಡೆ ಒಂದು ಗೋಡೆ ಖಾಲಿ ಇದೆ, ಅದರ ಮೇಲೆ ಏನಾದರೂ ಬರೆಯಿರಿ ಅಂದೆ.

"ಏನ್ ಬರೀಲ್ರೀ ಅಕ್ಕಾರ? ಹೂವಿನ ಕುಂಡ? ನವಿಲ?"

"ಏನರೆ ಬರೀರಿ. ನಿಮಗ ತಿಳದಿದ್ದು."

ಅವರು ಟೇಪು ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹಂಗಂದ್ರ ರೇಟ್ ಹೆಂಗ್ ಹೇಳೂದ್ರೀ?"